ಹೊಟ್ಟೆಯೊಳಗೂ ಒಂದು ಸಹಕಾರ ಸಂಘ

(ಸಂಘದ ಬೆಳ್ಳಿಹಬ್ಬದ ಆರೋಗ್ಯ ಶಿಬಿರದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಸಂಘವನ್ನು ನಡೆಸಿಕೊಂಡು ಬಂದ ನಿಮಗೆಲ್ಲ ಮೊದಲು ನಮ್ಮ ಅಭಿನಂದನೆಗಳು. ಹಬ್ಬದ ದಿನ ಕಾಯಿಲೆಯ ಮಾತು ಯಾಕೆ ಎಂದು ಬೇಸರ ಮಾಡಿಕೊಳ್ಳಬೇಡಿ. ಇವತ್ತು ಶಿಬಿರಕ್ಕೆ ಬಂದ ಕೆಲವರು ನಮ್ಮನ್ನು ಪಕ್ಕಕ್ಕೆ ಕರೆದು, "ಮಲದಲ್ಲಿ ರಕ್ತ ಹೋಗ್ತದೆ, ಮೂಲವ್ಯಾಧಿ ಇರಬೇಕು, ನಾಟಿ ಔಷಧಿ ತಗೋತಾ ಇದೀವಿ" ಎಂದು ಮೆಲ್ಲಗೆ ಹೇಳಿದರು. ನಾಚಿಕೆಯಿಂದ ಹೇಳದೆ ಹೋದವರು ಇನ್ನೆಷ್ಟು ಮಂದಿಯೋ! ಅದಕ್ಕೇ ಈ ಮಾತು.

ಹಸುವಿನಿಂದಲೇ ಶುರು ಮಾಡೋಣ. ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಹಸುವಿಗೆ ಸ್ವಂತದ್ದಲ್ಲ. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿ ಬರಿಸಿಕೊಟ್ಟ ಮೇಲೆಯೇ ನಿಮಗೆ ಹಾಲು. ಮನುಷ್ಯನಿಗೂ ಇಂಥದೊಂದು ಏರ್ಪಾಡು ದೊಡ್ಡ ಕರುಳಿನಲ್ಲಿದೆ. 2016ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕದಂತೆ ಒಬ್ಬನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಬಹುಪಾಲು ಇರುವುದು ಅಲ್ಲೇ.

ಈ ಸದಸ್ಯರ ಕೆಲಸವೇನು? ನಾವು ತಿಂದ ರಾಗಿ, ಕಾಳು, ಸೊಪ್ಪಿನ ನಾರಿನಿಂದ ಅವು ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಊಟ. ಊಟ ಸಿಕ್ಕರೆ ಪದರ ಗಟ್ಟಿಯಾಗಿರುತ್ತದೆ, ಉರಿಯೂತ ತಗ್ಗುತ್ತದೆ. ಪದರದ ಹಿಂದೆಯೇ ರೋಗನಿರೋಧಕ ಕಣಗಳ ದೊಡ್ಡ ಕಾವಲು ಪಡೆಯಿದೆ. ಯಾರ ಮೇಲೆ ಬೀಳಬೇಕು, ಯಾರನ್ನು ಬಿಡಬೇಕು ಎಂಬ ಪಾಠವನ್ನು ಅದು ಈ ಬ್ಯಾಕ್ಟೀರಿಯಾಗಳ ಸಹವಾಸದಲ್ಲೇ ಕಲಿಯುತ್ತದೆ. ಬ್ಯಾಕ್ಟೀರಿಯಾ ಸೋಕದಂತೆ ಸಾಕಿದ ಇಲಿಗಳಲ್ಲಿ ಈ ಪಡೆ ಸರಿಯಾಗಿ ಬೆಳೆಯುವುದೇ ಇಲ್ಲ.

ಎಲ್ಲ ಸಂಘದಲ್ಲೂ ಇರುವಂತೆ ಇಲ್ಲೂ ಕೆಲವರು ಕೆಡುಕರು. ಬಾಯಿಯ ವಸಡಿನಲ್ಲಿರುವ ಫ್ಯೂಸೋಬ್ಯಾಕ್ಟೀರಿಯಂ ಎಂಬುದು ಕರುಳಿನ ಕ್ಯಾನ್ಸರ್ ಗೆಡ್ಡೆಯಲ್ಲಿ ಹೆಚ್ಚಾಗಿ ಸೇರಿಕೊಂಡಿರುವುದು 2012ರಲ್ಲಿ ಕಂಡುಬಂತು. ಈ. ಕೋಲಿಯ ಒಂದು ಬಗೆ ಕೋಲಿಬ್ಯಾಕ್ಟಿನ್ ಎಂಬ ವಿಷ ಬಿಟ್ಟು ಜೀವಕೋಶದ ಡಿಎನ್‌ಎ ಕೆಡಿಸುತ್ತದೆ. ಅದರ ಗುರುತನ್ನು 2020ರಲ್ಲಿ ರೋಗಿಗಳ ಗೆಡ್ಡೆಗಳಲ್ಲೇ ಪತ್ತೆ ಮಾಡಿದರು. ಹಾಗೆಂದು ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ. ವಯಸ್ಸು, ವಂಶ, ಬೀಡಿ ಸಿಗರೇಟು, ಹೆಂಡ, ಬೊಜ್ಜು ಎಲ್ಲವೂ ಕೂಡುತ್ತವೆ.

ಊಟದ ಪ್ರಭಾವ ಎಷ್ಟು ಬೇಗ ಆಗುತ್ತದೆ ಗೊತ್ತೆ? 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಮೆರಿಕದ 20 ಮಂದಿ ಕಪ್ಪು ಜನರಿಗೆ ಆಫ್ರಿಕಾದ ಹಳ್ಳಿಯ ನಾರಿನ ಊಟ, ದಕ್ಷಿಣ ಆಫ್ರಿಕಾದ 20 ಮಂದಿ ಹಳ್ಳಿಗರಿಗೆ ಅಮೆರಿಕದ ಮಾಂಸ, ಕೊಬ್ಬಿನ ಊಟ ಕೊಟ್ಟರು. ಎರಡೇ ವಾರದಲ್ಲಿ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತ ಇಳಿಯಿತು. ಹಳ್ಳಿಗರಲ್ಲಿ ಇದು ತಿರುಗುಮುರುಗಾಯಿತು. ನಮ್ಮ ಮಕ್ಕಳು ಮುದ್ದೆ, ಸೊಪ್ಪಿನ ಸಾರು ಬಿಟ್ಟು ಪೊಟ್ಟಣದ ತಿಂಡಿಗೆ ಕೈಯೊಡ್ಡುವಾಗ ಇದನ್ನು ನೆನೆಯಬೇಕು. ಮೊಸರು ಮಜ್ಜಿಗೆ ಒಳ್ಳೆಯದೇ, ಆದರೆ ಅದು ಕ್ಯಾನ್ಸರಿಗೆ ಮದ್ದಲ್ಲ. ಸಣ್ಣ ನೆಗಡಿಗೂ ಮೆಡಿಕಲ್ ಅಂಗಡಿಯಲ್ಲಿ ಆಂಟಿಬಯೋಟಿಕ್ ಕೇಳಿ ನುಂಗಬೇಡಿ. ಒಳ್ಳೆಯ ಸದಸ್ಯರೂ ಸಾಯುತ್ತಾರೆ.

ಕೊನೆಯ ಮಾತು. ಈ ಕ್ಯಾನ್ಸರ್ ಸಾಮಾನ್ಯವಾಗಿ ಒಂದು ಸಣ್ಣ ಗಂಟಿನಿಂದ ಹತ್ತಾರು ವರ್ಷ ತೆಗೆದುಕೊಂಡು ಬೆಳೆಯುತ್ತದೆ. ಗಂಟಾಗಿದ್ದಾಗಲೇ ಕೊಳವೆ ಹಾಕಿ ನೋಡಿ ತೆಗೆದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ — ಇವು ಕಂಡರೆ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸದೆ ಡಾಕ್ಟರಿಗೆ ತೋರಿಸಿ. ಹೆಚ್ಚಿನವರಿಗೆ ಮೂಲವ್ಯಾಧಿಯೇ ಆಗಿರಬಹುದು. ಆದರೆ ನೋಡದೆ ಹೇಳುವುದು ಹೇಗೆ?

ಡಿಗ್ರಿ, ಫ್ಯಾಟ್ ನೋಡದೆ ಒಂದು ಲೀಟರ್ ಹಾಲನ್ನೂ ಈ ಸಂಘ ಕ್ಯಾನಿಗೆ ಸುರಿಯುವುದಿಲ್ಲ. ಅಷ್ಟು ಎಚ್ಚರ ನಿಮ್ಮ ಮೈಯ ಬಗ್ಗೆಯೂ ಇರಲಿ.