ಅಮೇರಿಕೆಯ ಸಮುದಾಯ ಕಾಲೇಜುಗಳೂ ಬಡ ವಿದ್ಯಾರ್ಥಿಯ ಸಹಾಯಧನವೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ವಿದ್ಯೆಯನ್ನು ಬೇಡಿ ಬಂದ ಬಡವರ ಮಕ್ಕಳಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟು ಓದಿಸುವ ಕಾರ್ಯವು ಶ್ರೀಮಠದ ಭಕ್ತಮಂಡಲಿಗೆ ಹೊಸದಲ್ಲ. ಆದುದರಿಂದ ಪಡುವಣದ ಒಂದು ದೊಡ್ಡ ರಾಷ್ಟ್ರವು ಅಂಥದೇ ಕಾರ್ಯವನ್ನು ಸರಕಾರದ ಬೊಕ್ಕಸದಿಂದ ಹೇಗೆ ನಡಿಸುತ್ತ ಬಂದಿದೆ, ಎಲ್ಲಿ ಗೆದ್ದಿದೆ, ಎಲ್ಲಿ ಎಡವಿದೆ ಎಂಬುದನ್ನು ಈ ಸಭೆಯ ಮುಂದೆ ಅರಿಕೆ ಮಾಡುವದು ಅಪ್ರಸ್ತುತವಾಗಲಾರದು.

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವಿಶ್ವವಿದ್ಯಾಲಯಗಳ ಹೊರತಾಗಿ ಎರಡು ವರ್ಷಗಳ ಶಿಕ್ಷಣವನ್ನು ಕೊಡುವ ಕಾಲೇಜುಗಳು ಸಾವಿರಾರು ಊರುಗಳಿಗೆ ಸಮೀಪದಲ್ಲಿ ಇರುತ್ತವೆ. ಇವಕ್ಕೆ ಸಮುದಾಯ ಕಾಲೇಜುಗಳೆಂದು ಹೆಸರು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಪಟ್ಟಣದಲ್ಲಿ ೧೯೦೧ನೆಯ ಇಸವಿಯಲ್ಲಿ ಆರು ಜನ ವಿದ್ಯಾರ್ಥಿಗಳಿಂದ ಮೊದಲಾದ ಕಾಲೇಜೇ ಈ ಪರಂಪರೆಯಲ್ಲಿ ಹಿರಿದು. ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರರೂ ಜೋಲಿಯೆಟ್ಟಿನ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದ ಜೆ. ಸ್ಟಾನ್ಲಿ ಬ್ರೌನರೂ ಕೂಡಿ ಅದನ್ನು ಹುಟ್ಟಿಸಿದರು. ದೂರದ ವಿಶ್ವವಿದ್ಯಾಲಯಕ್ಕೆ ಹೋಗುವ ಶಕ್ತಿಯಿಲ್ಲದವನು ತಂದೆತಾಯಿಗಳ ಮನೆಯಲ್ಲಿಯೇ ಇದ್ದು ಮೊದಲ ಎರಡು ವರ್ಷಗಳನ್ನು ಮುಗಿಸಬೇಕೆಂಬುದೇ ಅವರ ಹವಣು. ಮುಂದೆ ಅಧ್ಯಕ್ಷ ಟ್ರೂಮನ್ನರು ಜಾರ್ಜ್ ಝೂಕರ ನೇತೃತ್ವದಲ್ಲಿ ನೇಮಿಸಿದ ಆಯೋಗವು ೧೯೪೭ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಇಂಥ ಕಾಲೇಜುಗಳನ್ನು ದೇಶದ ತುಂಬ ತೆರೆಯಬೇಕೆಂದೂ ಅಲ್ಲಿ ಶುಲ್ಕವಿರಬಾರದೆಂದೂ ಸೂಚಿಸಿತು. ಕಾಲೇಜುಗಳು ತೆರೆದವು, ಶುಲ್ಕವು ಮಾತ್ರ ಉಳಿಯಿತು. ದಾದಿಯರು, ಯಂತ್ರ ರಿಪೇರಿ ಮಾಡುವವರು, ಲೆಕ್ಕಿಗರು, ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗತಕ್ಕವರು, ಹಗಲು ದುಡಿದು ಸಂಜೆ ಓದುವ ಮಕ್ಕಳ ತಾಯಂದಿರು, ಹೀಗೆ ಎಲ್ಲ ತೆರದ ಜನರು ಅಲ್ಲಿ ಕೂಡಿ ಕಲಿಯುತ್ತಾರೆ.

೨೦೨೪-೨೫ನೆಯ ಸಾಲಿನಲ್ಲಿ ಆಯಾ ಪ್ರಾಂತದ ನಿವಾಸಿಗಳಿಗೆ ಈ ಕಾಲೇಜುಗಳ ಶುಲ್ಕವು ವರ್ಷಕ್ಕೆ ಸರಾಸರಿ ೪,೦೫೦ ಡಾಲರುಗಳಷ್ಟಿತ್ತು. ಆ ದೇಶದ ಮಾನದಿಂದ ಇದು ಅಗ್ಗವೇ. ಆದರೆ ಶುಲ್ಕವೊಂದೇ ವಿದ್ಯೆಯ ವೆಚ್ಚವಲ್ಲ. ಪುಸ್ತಕಗಳು, ಊಟ, ಬಾಡಿಗೆ, ಹೋಗಿಬರುವ ಖರ್ಚು, ಕೂಸುಗಳುಳ್ಳವರಿಗೆ ಅವುಗಳನ್ನು ನೋಡಿಕೊಳ್ಳುವವರ ಸಂಬಳ, ಇವೆಲ್ಲವುಗಳನ್ನು ಕೂಡಿಸಿದರೆ ಶುಲ್ಕವು ಒಟ್ಟು ವೆಚ್ಚದ ಚಿಕ್ಕ ಪಾಲೇ ಆಗುವದು. ಈ ಭಾರವನ್ನು ಇಳಿಸುವದಕ್ಕಾಗಿ ಏರ್ಪಟ್ಟುದೇ ಸಹಾಯಧನದ ಪದ್ಧತಿ.

ಅದರ ಮೂಲ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ನರು ೧೯೬೫ನೆಯ ನವೆಂಬರ ೮ರಂದು ಸಹಿ ಮಾಡಿದರು. ಸಹಿಯ ಸ್ಥಳವು ರಾಜಧಾನಿಯಲ್ಲ, ಟೆಕ್ಸಾಸಿನ ಸ್ಯಾನ್ ಮಾರ್ಕೋಸ್ ಎಂಬ ಸಣ್ಣ ಊರಿನ ಕಾಲೇಜು. ತಾರುಣ್ಯದಲ್ಲಿ ಅವರು ಅಲ್ಲಿಯೇ ಕಸ ಬಳಿಯುವ ಕೆಲಸ ಮಾಡುತ್ತ ಓದಿದವರು. ಹಣ ಸಾಲದೆ ನಡುವೆ ಒಂದು ವರ್ಷ ಓದನ್ನು ನಿಲ್ಲಿಸಿ ಕೊಟುಲ್ಲಾ ಎಂಬಲ್ಲಿ ಬಡ ಮೆಕ್ಸಿಕನ್ ಮಕ್ಕಳಿಗೆ ಪಾಠ ಹೇಳಿದವರು. ೧೯೭೨ರಲ್ಲಿ ಆ ಕಾಯಿದೆಯನ್ನು ತಿದ್ದಿ, ತಿರುಗಿ ಕೊಡಬೇಕಾಗಿಲ್ಲದ ಮೂಲ ಅನುದಾನವನ್ನು ನೇರವಾಗಿ ವಿದ್ಯಾರ್ಥಿಗೇ ಕೊಡುವ ವ್ಯವಸ್ಥೆಯಾಯಿತು. ರೋಡ್ ಐಲೆಂಡಿನ ಸೆನೇಟ್ ಸದಸ್ಯ ಕ್ಲೇಬೋರ್ನ್ ಪೆಲ್ಲರ ಯತ್ನದ ಫಲವಿದಾದ್ದರಿಂದ ೧೯೮೦ರಲ್ಲಿ ಇದಕ್ಕೆ ಪೆಲ್ ಅನುದಾನವೆಂಬ ಹೆಸರು ಬಂದಿತು. ೧೯೭೩-೭೪ರ ಮೊದಲ ಸಾಲಿನಲ್ಲಿ ಇದರ ಪರಮಾವಧಿಯು ೪೫೨ ಡಾಲರು; ೨೦೨೫-೨೬ರ ಸಾಲಿಗೆ ೭,೩೯೫ ಡಾಲರು. ಒಬ್ಬ ವಿದ್ಯಾರ್ಥಿಗೆ ಜೀವಮಾನದಲ್ಲಿ ಪೂರ್ಣಾವಧಿಯ ಹನ್ನೆರಡು ಸೆಮಿಸ್ಟರುಗಳಿಗೆ ಆಗುವಷ್ಟನ್ನು ಮಾತ್ರ ಕೊಡುವ ನಿಯಮವುಂಟು. ಹಣವು ಸಂಸ್ಥೆಗಲ್ಲ, ವಿದ್ಯಾರ್ಥಿಗೆ ಸಲ್ಲತಕ್ಕದ್ದೆಂಬುದು ಈ ಯೋಜನೆಯ ಜೀವಾಳ. ಅವನು ಯಾವ ಅರ್ಹ ಕಾಲೇಜಿಗೆ ಹೋದರೂ ಅದು ಅವನ ಬೆನ್ನ ಹಿಂದೆ ಹೋಗುವದು.

ಇಷ್ಟು ಉದಾರವಾದ ಬೊಕ್ಕಸವಿದ್ದೂ ಎಷ್ಟೋ ಬಡವರು ಅದರ ಬಾಗಿಲ ತನಕ ಬರುವದೇ ಇಲ್ಲ. ಕಾರಣವು ಬೊಕ್ಕಸದಲ್ಲಿಲ್ಲ, ಬಾಗಿಲಲ್ಲಿದೆ.

ಸಹಾಯಧನವನ್ನು ಬಯಸುವವರೆಲ್ಲರೂ ಒಂದೇ ಅರ್ಜಿಯನ್ನು ತುಂಬಬೇಕು. ಅದಕ್ಕೆ ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ. ೧೯೯೨ರ ತಿದ್ದುಪಡಿಯಿಂದ ಬಂದ ಇದರ ಹೆಸರೇ 'ಫಾಫ್ಸಾ' ಎಂದು ಜನಜನಿತವಾಗಿದೆ. ಬಹುಕಾಲ ಇದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ತಂದೆಯ ಆದಾಯ, ತಾಯಿಯ ಆದಾಯ, ತೆರಿಗೆ, ಉಳಿತಾಯ, ಆಸ್ತಿ, ಮನೆಯಲ್ಲಿ ಉಣ್ಣುವ ಬಾಯಿಗಳು ಎಷ್ಟು ಎಂಬುದನ್ನೆಲ್ಲ ಬರೆಯಬೇಕಾಗಿತ್ತು. ಮನೆಯಲ್ಲಿ ಒಬ್ಬನೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲದ ಕುಟುಂಬದಲ್ಲಿ ಈ ಕಾಗದವನ್ನು ಮುಂದಿಟ್ಟುಕೊಂಡು ಕುಳಿತ ಹುಡುಗಿಯ ಅವಸ್ಥೆಯನ್ನು ಊಹಿಸಿಕೊಳ್ಳಬೇಕು. ಸಿರಿವಂತರಿಗೆ ಲೆಕ್ಕ ಬರೆಯಲು ಗುಮಾಸ್ತರಿರುತ್ತಾರೆ. ಅವರಿಗೆ ಈ ಅರ್ಜಿಯ ಅವಶ್ಯಕತೆಯೇ ಇಲ್ಲ. ಯಾರಿಗೆ ಅವಶ್ಯಕವೋ ಅವರಿಗೇ ಅದು ಕಬ್ಬಿಣದ ಕಡಲೆಯಾಗುವದು.

ಇದು ಬರಿಯ ಊಹೆಯ ಮಾತಲ್ಲವೆಂಬುದಕ್ಕೆ ಒಂದು ಪ್ರಯೋಗವು ಸಾಕ್ಷಿಯಾಗಿದೆ. ೨೦೦೮ರಲ್ಲಿ ಬೆಟಿಂಜರ್, ಲಾಂಗ್ ಮೊದಲಾದ ಅರ್ಥಶಾಸ್ತ್ರಜ್ಞರು ಓಹಾಯೋ ಮತ್ತು ನಾರ್ತ್ ಕೆರೊಲೈನಾ ಸಂಸ್ಥಾನಗಳಲ್ಲಿ ಎಚ್ ಆಂಡ್ ಆರ್ ಬ್ಲಾಕ್ ಎಂಬ ತೆರಿಗೆಲೆಕ್ಕದ ಸಂಸ್ಥೆಯ ಕಚೇರಿಗಳಲ್ಲಿ ಇದನ್ನು ನಡಿಸಿದರು. ಸಣ್ಣ ಆದಾಯದ ಕುಟುಂಬಗಳು ವರ್ಷದ ತೆರಿಗೆಯ ಲೆಕ್ಕ ಮಾಡಿಸಲು ಅಲ್ಲಿಗೆ ಬರುತ್ತಿದ್ದವು. ತೆರಿಗೆಯ ಕಾಗದದಲ್ಲಿ ಬರೆದುದೇ ಬಹುಮಟ್ಟಿಗೆ ಸಹಾಯಧನದ ಅರ್ಜಿಯಲ್ಲಿಯೂ ಬರಬೇಕಾದ್ದರಿಂದ, ಕೆಲವು ಕುಟುಂಬಗಳಿಗೆ ಅಲ್ಲಿಯ ನೌಕರರು ಆಗಲೇ ಸುಮಾರು ಹತ್ತು ನಿಮಿಷಗಳಲ್ಲಿ ಅರ್ಜಿಯನ್ನು ತುಂಬಿಸಿಕೊಟ್ಟರು. ಎಷ್ಟು ಹಣ ಸಿಕ್ಕೀತು, ಸಮೀಪದ ಕಾಲೇಜುಗಳ ಶುಲ್ಕವೆಷ್ಟು ಎಂಬುದನ್ನೂ ತಿಳಿಸಿದರು. ಬೇರೆ ಕೆಲವು ಕುಟುಂಬಗಳಿಗೆ ಈ ತಿಳುವಳಿಕೆಯನ್ನು ಮಾತ್ರ ಹೇಳಿ, ಅರ್ಜಿಯನ್ನು ನೀವೇ ತುಂಬಿಕೊಳ್ಳಿರೆಂದು ಕಳಿಸಿದರು. ಮೂರನೆಯ ಗುಂಪಿಗೆ ಇಂಥ ಸಹಾಯವನ್ನು ಮಾಡಲಿಲ್ಲ. ಮೂರು ವರ್ಷಗಳ ತರುವಾಯ ನೋಡಲಾಗಿ, ಅರ್ಜಿ ತುಂಬಿಸಿಕೊಟ್ಟ ಮನೆಗಳ ಪ್ರೌಢಶಾಲೆಯ ಕಡೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ ೩೬ ಜನರು ಎರಡು ವರ್ಷಗಳ ಕಾಲೇಜು ಓದನ್ನು ಪೂರೈಸಿದ್ದರು. ಸಹಾಯ ಸಿಗದವರಲ್ಲಿ ನೂರಕ್ಕೆ ೨೮ ಜನರು ಮಾತ್ರ. ಬರಿಯ ತಿಳುವಳಿಕೆ ಪಡೆದವರಿಗೂ ಏನೂ ಸಿಗದವರಿಗೂ ಹೇಳಿಕೊಳ್ಳುವಂಥ ಅಂತರವೇ ಕಾಣಲಿಲ್ಲ. ವಿದ್ಯಾಸಹಾಯದ ಕೆಲಸದಲ್ಲಿ ತೊಡಗಿದವರು ಈ ಕಡೆಯ ಮಾತನ್ನು ಎರಡು ಸಲ ಓದಬೇಕು. ಕರಪತ್ರವನ್ನು ಹಂಚುವದು ಸುಲಭ. ಬಳಿಯಲ್ಲಿ ಕುಳಿತು ಬರೆಯಿಸುವದು ಪ್ರಯಾಸ. ಫಲವೆಲ್ಲ ಆ ಪ್ರಯಾಸದಲ್ಲಿಯೇ ಇತ್ತು.

ಅರ್ಜಿಯನ್ನು ಸರಳಗೊಳಿಸುವ ಕಾಯಿದೆಯೊಂದು ೨೦೨೦ನೆಯ ಡಿಸೆಂಬರಿನಲ್ಲಿ ಆಯಿತು. ಅದರಂತೆ ಪ್ರಶ್ನೆಗಳು ಹೆಚ್ಚೆಂದರೆ ೪೬ಕ್ಕೂ ಕೆಲವರಿಗೆ ೧೮ಕ್ಕೂ ಇಳಿದವು. ಆದಾಯದ ಅಂಕಿಗಳು ತೆರಿಗೆಯ ಖಾತೆಯಿಂದ ತಾವಾಗಿಯೇ ಬಂದು ಸೇರುವಂತಾಯಿತು. ಉದ್ದೇಶವು ಸ್ತುತ್ಯವೇ ಸರಿ. ಆದರೆ ವಾಡಿಕೆಯಂತೆ ಅಕ್ಟೋಬರದಲ್ಲಿ ತೆರೆಯಬೇಕಾದ ಹೊಸ ಅರ್ಜಿಯು ೨೦೨೩ರ ಡಿಸೆಂಬರದ ಕೊನೆಗೆ, ಅದೂ ಆಗಾಗ ಸ್ವಲ್ಪ ಹೊತ್ತು ಮಾತ್ರ, ತೆರೆಯಿತು. ಸಾಮಾಜಿಕ ಭದ್ರತೆಯ ಅಂಕೆಯಿಲ್ಲದ ತಂದೆತಾಯಿಗಳ ಮಕ್ಕಳು ಕೆಲವು ತಿಂಗಳು ಅರ್ಜಿಯನ್ನು ಮುಗಿಸಲಾರದೆ ಹೋದರು. ಕಾಲೇಜುಗಳ ಕೈಗೆ ವಿವರಗಳು ಬರತೊಡಗಿದ್ದು ೨೦೨೪ರ ಮಾರ್ಚಿನಲ್ಲಿ. ಸುಧಾರಣೆಯು ಬಂದ ವರ್ಷವೇ ಬಡವರಿಗೆ ಬಲು ಬಿಕ್ಕಟ್ಟಿನ ವರ್ಷವಾಯಿತು. ತರುವಾಯ ಆ ದೋಷಗಳನ್ನು ಬಹುಮಟ್ಟಿಗೆ ತಿದ್ದಲಾಯಿತು.

ಅರ್ಜಿಯ ಒಳಗಣ ಎರಡು ತೊಡಕುಗಳನ್ನು ಮಾತ್ರ ಇಲ್ಲಿ ಪ್ರಸ್ತಾಪಿಸಿದರೆ ಸಾಕು. ಇಪ್ಪತ್ತುನಾಲ್ಕು ವರ್ಷ ತುಂಬದ ವಿದ್ಯಾರ್ಥಿಯು, ಲಗ್ನವಾದವನೋ ಮಕ್ಕಳ ಪೋಷಣೆಯ ಭಾರವುಳ್ಳವನೋ ಸೈನ್ಯದಲ್ಲಿ ಸೇವೆ ಮಾಡಿದವನೋ ಅನಾಥನೋ ಅಲ್ಲದಿದ್ದರೆ, ಸಾಮಾನ್ಯವಾಗಿ ತಂದೆತಾಯಿಗಳ ಆಶ್ರಿತನೆಂದೇ ಗಣನೆಗೆ ಬರುವನು. ಅವರ ಆದಾಯದ ವಿವರವೂ ಸಮ್ಮತಿಯೂ ಇಲ್ಲದೆ ಅನುದಾನವಿಲ್ಲ. ತನ್ನ ಗಳಿಕೆಯನ್ನು ಪರರಿಗೆ ತಿಳಿಸಲು ನಾಚುವ, ಅಥವಾ ಸರಕಾರವನ್ನು ನಂಬದ ತಂದೆಯು ಕೈಯೆತ್ತಿಬಿಟ್ಟರೆ ಮಗನಿಗೆ ಉಳಿಯುವದು ಬಡ್ಡಿಯ ಸಾಲವೊಂದೇ. ತಂದೆಯ ಸಂಕೋಚಕ್ಕೆ ಮಗನು ದಂಡ ತೆರುವಂತಾಗುವ ಈ ನಿಯಮವು ನ್ಯಾಯಸಮ್ಮತವೆಂದು ಹೇಳುವದು ಕಷ್ಟ. ಇನ್ನೊಂದು ತೊಡಕು ಕಾಲದ್ದು. ಲೆಕ್ಕಕ್ಕೆ ಹಿಡಿಯುವದು ಎರಡು ವರ್ಷಗಳ ಹಿಂದಿನ ಆದಾಯ. ೨೦೨೫-೨೬ರ ಅರ್ಜಿಗೆ ೨೦೨೩ರ ಆದಾಯ. ಆ ನಡುವೆ ಕಾರಖಾನೆಯು ಮುಚ್ಚಿ ತಂದೆಯು ಕೆಲಸ ಕಳೆದುಕೊಂಡಿದ್ದರೂ ಕಾಗದದಲ್ಲಿ ಅವನು ಸುಸ್ಥಿತಿಯಲ್ಲಿಯೇ ಇರುವನು. ಇದಕ್ಕೆ ಪರಿಹಾರವುಂಟು: ಕಾಲೇಜಿನ ಸಹಾಯಧನದ ಅಧಿಕಾರಿಗೆ ಸಾಕ್ಷ್ಯಸಮೇತ ವಿಜ್ಞಾಪಿಸಿಕೊಂಡರೆ, ವಿಚಾರಿಸಿ ಅಂಕಿಗಳನ್ನು ತಿದ್ದುವ ಅಧಿಕಾರವನ್ನು ಕಾಯಿದೆಯು ಅವನಿಗೆ ಕೊಟ್ಟಿದೆ. ಆದರೆ ಕೇಳಬೇಕೆಂಬುದು ಗೊತ್ತಿದ್ದವನಷ್ಟೇ ಕೇಳುವನು.

ಮಂಜೂರಾದ ಹಣವು ಕೈಸೇರುವ ಬಗೆಯೂ ತಿಳಿಯತಕ್ಕದ್ದೇ. ಅನುದಾನವು ಮೊದಲು ಕಾಲೇಜಿಗೆ ಬಂದು ಶುಲ್ಕಕ್ಕೆ ಜಮೆಯಾಗುವದು. ಶುಲ್ಕ ಕಳೆದು ಉಳಿದುದನ್ನು, ಅಂಥ ಶಿಲ್ಕು ಉಂಟಾದ ಹದಿನಾಲ್ಕು ದಿನಗಳೊಳಗಾಗಿ ವಿದ್ಯಾರ್ಥಿಗೆ ಕೊಡಲೇಬೇಕೆಂದು ನಿಯಮ. ಸಮುದಾಯ ಕಾಲೇಜುಗಳಲ್ಲಿ ಶುಲ್ಕವು ಕಡಿಮೆಯಾದ್ದರಿಂದ ಪೂರ್ಣ ಅನುದಾನ ಪಡೆದವನಿಗೆ ಇಂಥ ಉಳಿಕೆಯು ಸಿಗುವದುಂಟು. ಅದೇ ಅವನ ಬಾಡಿಗೆ, ಅದೇ ಅವನ ಹಿಟ್ಟುಬೇಳೆ.

ಹಣ ಪಡೆದ ಮೇಲೆ ಓದು ನಡೆಯಬೇಕು. ಕಾಲೇಜು ಗೊತ್ತುಪಡಿಸಿದ ಮಟ್ಟದ ಪ್ರಗತಿಯನ್ನು ತೋರಿಸದವನ ಸಹಾಯವು ನಿಲ್ಲುವದು. ಸೆಮಿಸ್ಟರಿನ ನೂರಕ್ಕೆ ಅರುವತ್ತು ಪಾಲು ಕಾಲ ಕಳೆಯುವ ಮೊದಲೇ ಎಲ್ಲ ಪಾಠಗಳನ್ನೂ ಬಿಟ್ಟುಹೋದರೆ, ಗಳಿಸದ ಪಾಲನ್ನು ಸರಕಾರಕ್ಕೆ ತಿರುಗಿಸಬೇಕಾಗುವದು. ಕಾಲೇಜು ತಾನು ತಿರುಗಿಸಿದ ಹಣವನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಬಾಕಿಯೆಂದು ಬರೆಯಬಹುದು. ಕೂಸಿಗೆ ಬೇನೆ ಬಂದು ಐದನೆಯ ವಾರದಲ್ಲಿ ಓದು ಬಿಟ್ಟ ತಾಯಿಯು ಹೀಗೆ ಸಾಲಗಾರಳಾಗುವದುಂಟು. ಬಿಡುವ ಮೊದಲು ಸಹಾಯಧನದ ಕಚೇರಿಯಲ್ಲಿ ಒಂದು ಮಾತು ಕೇಳಿದ್ದರೆ ಎಷ್ಟೋ ಜನರಿಗೆ ಈ ಗಂಡಾಂತರವು ತಪ್ಪುತ್ತಿತ್ತು.

ಕೆಲವು ಸಂಸ್ಥಾನಗಳು ತಮ್ಮದೂ ಒಂದು ಕಾಣಿಕೆಯನ್ನು ಸೇರಿಸಿವೆ. ಟೆನೆಸ್ಸೀ ಸಂಸ್ಥಾನವು ೨೦೧೪ರಲ್ಲಿ ಕಾಯಿದೆ ಮಾಡಿ, ೨೦೧೫ರಿಂದ ಪ್ರೌಢಶಾಲೆ ಮುಗಿಸಿದ ಮಕ್ಕಳಿಗೆ ಸಮುದಾಯ ಕಾಲೇಜಿನ ಶುಲ್ಕವಿಲ್ಲದಂತೆ ಮಾಡಿತು. ಅದರ ಮೂಲಧನವು ಲಾಟರಿಯ ಉಳಿಕೆಯಿಂದ ಬಂದುದೆಂಬುದು ಕೆಲವರಿಗೆ ರುಚಿಸಲಿಕ್ಕಿಲ್ಲ. ಆ ಮಕ್ಕಳು ಪ್ರತಿ ಅವಧಿಗೂ ಎಂಟು ತಾಸು ಜನಸೇವೆ ಮಾಡಬೇಕೆಂಬ ಕರಾರು ಮಾತ್ರ ಎಲ್ಲರ ಮೆಚ್ಚುಗೆಗೂ ಪಾತ್ರವಾದೀತು. ಆದರೆ ಈ ಹಣವು ಇತರ ಅನುದಾನಗಳನ್ನು ಕಳೆದು ಉಳಿದ ಶುಲ್ಕಕ್ಕಷ್ಟೇ ಸಲ್ಲುವದು. ಪೆಲ್ ಅನುದಾನದಿಂದಲೇ ಶುಲ್ಕ ತೀರಿದ ಕಡುಬಡವನಿಗೆ ಇದರಿಂದ ಒಂದು ಡಾಲರೂ ಬಾರದು. ಅವನಿಗಿಂತ ತುಸು ಉಳ್ಳವನಿಗೆ ಬರುವದು.

ಕನ್ನಡ ನಾಡಿನಿಂದ ಆ ದೇಶಕ್ಕೆ ಹೋದವರಿಗೂ ಈ ವಿಷಯವು ತಟ್ಟುತ್ತದೆ. ಓದಲೆಂದು ವಿದ್ಯಾರ್ಥಿಯ ವೀಸಾದ ಮೇಲೆ ಹೋದವರಿಗೆ ಪೆಲ್ ಅನುದಾನವಾಗಲಿ ಅಲ್ಲಿಯ ಕೇಂದ್ರ ಸರಕಾರದ ಸಾಲವಾಗಲಿ ಸಿಗುವದಿಲ್ಲ; ಇದನ್ನು ತಿಳಿಯದೆ ಹೊರಡುವದು ಒಳ್ಳೆಯದಲ್ಲ. ಅಲ್ಲಿ ಖಾಯಂ ನಿವಾಸದ ಹಕ್ಕು ಪಡೆದು ನೆಲೆಸಿದ ಕುಟುಂಬಗಳ ಮಕ್ಕಳಾದರೋ ಅಲ್ಲಿಯ ಪೌರರ ಮಕ್ಕಳಂತೆಯೇ ಅರ್ಜಿ ಹಾಕಬಲ್ಲರು. ಸಣ್ಣ ಅಂಗಡಿಯಲ್ಲಿಯೋ ವಸತಿಗೃಹದಲ್ಲಿಯೋ ದುಡಿಯುವ ತಂದೆತಾಯಿಗಳು, ಬೇಡಿದರೆ ಮರ್ಯಾದೆ ಹೋದೀತೆಂದು ಹಿಂಜರಿಯುವದು ಸಹಜ. ಆ ಹಣವು ಅವರೂ ವರ್ಷವರ್ಷವೂ ತೆತ್ತ ತೆರಿಗೆಯದೇ ಆಗಿದೆ. ಅರ್ಜಿಯನ್ನು ಮಾತ್ರ ಪ್ರತಿ ವರ್ಷವೂ ಹೊಸದಾಗಿ ಹಾಕಬೇಕು.