ಹೆಸರಿಲ್ಲದ ನಮ್ಮ ಹಿರಿಯರು
(ದಾಂಡೇಲಿಯ ಸಭೆಯಲ್ಲಿ ಆಡಿದ ಮಾತು)



ಮಾರ್ಟಿನ್ ಲೂಥರ್ ಕಿಂಗ್ ಪಟ ಹಾಕಿದ್ದೀರಿ, ಸಂತೋಷ. ಆದರೆ ನಾವು ಸಿದ್ದಿಗಳು ಹಳಿಯಾಳದ ಪೇಟೆಗೆ ಬಂದರೆ ಕೂದಲು ನೋಡಿ "ಯಾವ ದೇಶದವರು?" ಅಂತ ಇವತ್ತಿಗೂ ಕೇಳ್ತಾರೆ. ಕೇಳೋರಲ್ಲಿ ದಲಿತ ಬಂಧುಗಳೂ ಇದ್ದಾರೆ, ಹೇಳಲೇಬೇಕು.

ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿದವನು. ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದ, ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. 1626ರಲ್ಲಿ ಸಾಯುವತನಕ ಮೊಗಲರಿಗೆ ಮಣಿದು ಕೂತವನಲ್ಲ. ಬಾದಶಹ ಜಹಾಂಗೀರ ಅವನನ್ನು ಬಣ್ಣ ಹಿಡಿದೇ ಬೈದು ಬರೆದಿಟ್ಟ. ಬೈಗುಳ ಹಳೇದು ನೋಡ್ರಿ!

ಆದರೂ ಅಂಬರನಿಗಿಂತ ನಮಗೆ ದೊಡ್ಡವರು ಬೇರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದು ಮಾರಿದ ಗುಲಾಮರು. ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಜೋಯಿಡಾ, ಹಳಿಯಾಳ, ಮುಂಡಗೋಡದ ಕಾಡು ಸೇರಿದರು. ಒಡೆಯನಿಗಿಂತ ಹುಲಿ ವಾಸಿ ಅಂದುಕೊಂಡ್ರೋ ಏನೋ. ಅವರೊಬ್ಬರ ಹೆಸರೂ ನಮಗೆ ಉಳಿದಿಲ್ಲ. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲಾ ಇದ್ದಾರೆ. ಓಡಿಬಂದ ಹಿರಿಯರು ಮಾತ್ರ ಎಲ್ಲರಿಗೂ ಒಂದೇ.

2003ರಲ್ಲಿ ಸರ್ಕಾರ ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಸರ್ಟಿಫಿಕೇಟು ಬಂತು. ಹಿರಿಯರು ಬಂದು ನೆಲೆ ನಿಂತ ಕಾಡಿನ ಭೂಮಿಯ ಹಕ್ಕುಪತ್ರಕ್ಕೆ ಎಷ್ಟೋ ಮನೆಯವರು ಇನ್ನೂ ಕಚೇರಿ ಅಲೀತಿದ್ದಾರೆ. ಆ ಅರ್ಜಿ ಹಿಡಿದು ಹೋಗುವಾಗ ನೀವೂ ಜೊತೆಗೆ ಬರ್ರಿ.

ಮುಂದಿನ ಸಭೆಗೆ ಅಂಬರನ ಪಟ ನಾವೇ ತರ್ತೇವೆ. ಹಿರಿಯರದು ಪಟ ಇಲ್ಲ, ಡಮಾಮಿ ತರ್ತೇವೆ.