ಮೋಟಾರಿನ ಚೆಲುವು ಮತ್ತು ಮುಪ್ಪು

ಕನ್ನಡ ಪಂಡಿತನಿಗೂ ಮೋಟಾರುಗಾಡಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನನ್ನದೆಂದು ಹೇಳಿಕೊಳ್ಳಲು ಇರುವುದು ಒಂದು ಸ್ಕೂಟರು. ಅದರ ಸೌಂದರ್ಯವನ್ನು ಕುರಿತು ಮಾತನಾಡುವ ಆಸೆ ನನಗೂ ಇಲ್ಲ, ಅದಕ್ಕೂ ಇರಲಾರದು. ಆದರೆ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನನ್ನ ಕಿಟ್ಟೆಲ್ ನಿಘಂಟಿನ ಹಾಳೆಗಳ ನಡುವೆ ಒಂದು ಮೋಟಾರಿನ ಚಿತ್ರ ಮಲಗಿದೆ. ಅದನ್ನು ಅಲ್ಲಿ ಇಟ್ಟವನು ನಾನೇ.

2002ನೆಯ ಇಸವಿ. ಹತ್ತನೆಯ ತರಗತಿಗೆ ಅಲಂಕಾರದ ಪಾಠ ನಡೆಯುತ್ತಿತ್ತು. ಅಲಂಕಾರ ಎಲ್ಲಿ ಮೈಗೆ ಹೊಂದುತ್ತದೆ, ಎಲ್ಲಿ ಹೊರೆಯಾಗುತ್ತದೆ ಎಂದು ತಿಳಿಸಲು ಹೊರಟಿದ್ದೆ. ಹಿಂದಿನ ವರ್ಷ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯವರು ತಮ್ಮ ಅತಿ ದೊಡ್ಡ ಸೆಡಾನ್ ಗಾಡಿಯ, ಅಂದರೆ ಏಳನೆಯ ಶ್ರೇಣಿಯ, ಹೊಸ ರೂಪವನ್ನು ಹೊರತಂದಿದ್ದರು. ಅದರ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ದೀಪಗಳ ಮೇಲೆ ಊದಿಕೊಂಡ ಹುಬ್ಬು. ಹಿಂಬದಿಯಲ್ಲಿ, ಯಾವುದೋ ದೊಡ್ಡ ಡಬ್ಬಿಯ ಮುಚ್ಚಳವನ್ನು ತಂದು ಸಣ್ಣ ಡಬ್ಬಿಗೆ ಇಟ್ಟಂತೆ ಎದ್ದು ಕುಳಿತ ಸಾಮಾನುಪೆಟ್ಟಿಗೆಯ ಮುಚ್ಚಳ. ಚಿತ್ರವನ್ನು ಕತ್ತರಿಸಿ ಕರಿಹಲಗೆಗೆ ಅಂಟಿಸಿ, “ಮಕ್ಕಳೆ, ಅನೌಚಿತ್ಯ ಎಂದರೆ ಇದು” ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, “ಸಾರ್, ಇಪ್ಪತ್ತು ವರ್ಷ ಬಿಟ್ಟು ನೋಡೋಣವೆ?” ಎಂದ. ತರಗತಿ ಗೊಳ್ಳೆಂದು ನಕ್ಕಿತು. ನಾನು ಅವನನ್ನು ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಚಿತ್ರ ನಿಘಂಟಿಗೆ ಹೋಯಿತು. ಪ್ರಶ್ನೆ ಮಾತ್ರ ಹೋಗಲಿಲ್ಲ.

ಗಾಡಿಗೆ ಮುಪ್ಪು ಬರುವ ಬಗೆ ವಿಚಿತ್ರವಾದದ್ದು. ಹೊಸದರಲ್ಲಿ ಅದು ಎಲ್ಲರ ಕಣ್ಣಿಗೂ ಚೆನ್ನ. ಮೂವತ್ತು ನಲವತ್ತು ವರ್ಷ ದಾಟಿ ಉಳಿದುಕೊಂಡರೆ ಮತ್ತೆ ಚೆನ್ನ; ಆಗ ಜನ ಅದನ್ನು ಹಳೆಯ ಶಾಸನದ ಹಾಗೆ ಗೌರವದಿಂದ ನೋಡುತ್ತಾರೆ. ಕಷ್ಟ ನಡುವಣ ಕಾಲದ್ದು. ಹತ್ತು ಹದಿನೈದು ವರ್ಷದ ಗಾಡಿ ಹೊಸದೂ ಅಲ್ಲ, ಪುರಾತನವೂ ಅಲ್ಲ. ಹೋದ ದೀಪಾವಳಿಯ ಹೊಸ ಬಟ್ಟೆಯ ಹಾಗೆ. ಅಗ್ಗದ ಗಾಡಿಗೆ ಈ ದೆಸೆ ಬಂದರೆ ಯಾರೂ ಚಿಂತಿಸುವುದಿಲ್ಲ. ಅದನ್ನು ಕೊಂಡದ್ದು ಊರು ಸೇರುವುದಕ್ಕೆ. ಆದರೆ ಭಾರಿ ಬೆಲೆಯ ಸೆಡಾನನ್ನು ಕೊಂಡವನು, ಒಪ್ಪಲಿ ಬಿಡಲಿ, ನಾಲ್ಕು ಜನ ನೋಡಲೆಂದೂ ಕೊಂಡಿರುತ್ತಾನೆ. ಜನ ನೋಡುವುದನ್ನು ನಿಲ್ಲಿಸಿದ ದಿನ, ಯಂತ್ರ ಎಷ್ಟೇ ಗಟ್ಟಿಯಾಗಿರಲಿ, ಅವನ ಮನಸ್ಸಿನಲ್ಲಿ ಗಾಡಿ ಕೆಟ್ಟಿತು. ನಮ್ಮ ಅಂಬಾಸಿಡರಿನ ಮಾತು ಬೇರೆ. 2014ರಲ್ಲಿ ಅದರ ತಯಾರಿಕೆ ನಿಂತಾಗ ಎಷ್ಟೋ ಜನ ನೊಂದುಕೊಂಡರು. ಆದರೆ ಅದನ್ನು ನಾವು ನೋಡುತ್ತಿದ್ದುದು ಕಣ್ಣಿನಿಂದಲ್ಲ, ನೆನಪಿನಿಂದ.

ಈ ಮುಪ್ಪನ್ನು ಬೇಕೆಂದೇ ಬರಮಾಡಿದ ದೇಶವೂ ಉಂಟು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ 1927ರಿಂದ 1958ರವರೆಗೆ ರೂಪಶಿಲ್ಪದ ಹೊಣೆ ಹೊತ್ತವರು ಹಾರ್ಲಿ ಅರ್ಲ್ ಎಂಬವರು. ವರ್ಷ ವರ್ಷವೂ ಗಾಡಿಯ ಮುಖ ಬದಲಾಗಬೇಕು, ಹೋದ ವರ್ಷದ ಗಾಡಿಯ ಯಜಮಾನನಿಗೆ ತನ್ನದು ಹಳತಾಯಿತೆಂದು ಕಸಿವಿಸಿಯಾಗಬೇಕು, ಅವನು ಮತ್ತೆ ಅಂಗಡಿಗೆ ಬರಬೇಕು: ಇದು ಅವರ ವ್ಯಾಪಾರಸೂತ್ರ. ಒಂದು ಯುದ್ಧವಿಮಾನದ ಅವಳಿ ಬಾಲವನ್ನು ಕಂಡು ಬಂದ ಕಲ್ಪನೆಯಿಂದ 1948ರ ಕ್ಯಾಡಿಲಾಕ್ ಗಾಡಿಗೆ ಹಿಂಬದಿಯಲ್ಲಿ ಪುಟ್ಟ ರೆಕ್ಕೆಗಳು ಮೂಡಿದವು. ಪುಟ್ಟದಾಗಿದ್ದಷ್ಟು ದಿನ ಅವು ಸೊಗಸಾಗಿಯೇ ಇದ್ದವು. ಆಮೇಲೆ ವರ್ಷ ವರ್ಷಕ್ಕೆ ಬೆಳೆದು, 1959ರ ಹೊತ್ತಿಗೆ, ಹದಿನೆಂಟೂ ಮುಕ್ಕಾಲು ಅಡಿ ಉದ್ದದ ಗಾಡಿಯ ಹಿಂದೆ ಎರಡು ಮೀನಿನ ಬಾಲಗಳು ಆಕಾಶ ನೋಡುತ್ತ ನಿಂತವು. ಒಂದೊಂದಕ್ಕೂ ತೋಪಿನ ಗುಂಡಿನಂಥ ಎರಡೆರಡು ಕೆಂಪು ದೀಪ. ಮರುವರ್ಷವೇ ಕಂಪನಿಯವರು ಅವನ್ನು ತಗ್ಗಿಸಬೇಕಾಯಿತು. ಇಂದು ಆ ಗಾಡಿಗೆ ಸಂಗ್ರಾಹಕರಲ್ಲಿ ತುಂಬ ಬೆಲೆ ಇದೆ, ನಿಜ. ಆದರೆ ಅದನ್ನು ನೋಡಿ ಜನ ಮುಗುಳ್ನಗುತ್ತಾರೆ. ಮುಗುಳ್ನಗೆ ಬೇರೆ, ಮೆಚ್ಚುಗೆ ಬೇರೆ.

ಅದೇ ದೇಶದಲ್ಲಿ, ಎರಡೇ ವರ್ಷದ ಅಂತರದಲ್ಲಿ, ಫೋರ್ಡ್ ಕಂಪನಿಯ ಎಲ್ವುಡ್ ಎಂಗೆಲ್ ಅವರು ರೂಪಿಸಿದ 1961ರ ಲಿಂಕನ್ ಕಾಂಟಿನೆಂಟಲ್ ಬಂತು. ಹಿಂದಿನ ವರ್ಷದ ಲಿಂಕನ್ನಿಗಿಂತ ಒಂದು ಅಡಿಗೂ ಮಿಕ್ಕು ಗಿಡ್ಡ. ರೆಕ್ಕೆ ಇಲ್ಲ, ಬಾಲ ಇಲ್ಲ. ಪಕ್ಕದ ತಗಡು ಮುಂದಿನಿಂದ ಹಿಂದಿನವರೆಗೆ ಒಂದೇ ಸಮನೆ ಹರಿದು, ಮೇಲಂಚಿನಲ್ಲಿ ಮಾತ್ರ ಒಂದು ಬೆಳ್ಳಿಯ ಗೆರೆ. ಜರಿಯ ಸಣ್ಣ ಅಂಚಿನ ಬಿಳಿಯ ಪಂಚೆ ಉಟ್ಟಂತೆ. ಆ ಮೂಲರೂಪವನ್ನು 1969ರವರೆಗೂ ಕಂಪನಿ ಬಿಡಲಿಲ್ಲ. ಇದನ್ನು ನೋಡಿ ಇಂದಿಗೂ ಯಾರೂ ನಗುವುದಿಲ್ಲ.

ಆದರೆ ಮುಪ್ಪಿನ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು ಗಾಡಿಗೆ ರೂಪ ಕೊಟ್ಟವರನ್ನು ಕಾಣಬೇಕಾದರೆ ಜರ್ಮನಿಗೆ ಬರಬೇಕು. ಬ್ರೂನೋ ಸಾಕ್ಕೊ ಎಂಬವರು ಇಟಲಿಯ ಉದೀನೆ ಎಂಬಲ್ಲಿ 1933ರಲ್ಲಿ ಹುಟ್ಟಿ, 1958ರಲ್ಲಿ ಮರ್ಸಿಡಿಸ್ ಬೆಂಜ್ ಗಾಡಿಗಳ ಕಂಪನಿಯನ್ನು ಸೇರಿ, 1975ರಿಂದ 1999ರವರೆಗೆ ಅಲ್ಲಿಯ ರೂಪಶಿಲ್ಪದ ಮುಖ್ಯಸ್ಥರಾಗಿದ್ದರು, 2024ರಲ್ಲಿ ತೀರಿಕೊಂಡರು. ಅವರ ಎರಡು ಸೂತ್ರಗಳನ್ನು ನಮ್ಮ ಶಾಸ್ತ್ರಕಾರರು ಕೇಳಿದ್ದರೆ ತಲೆದೂಗುತ್ತಿದ್ದರು. ಒಂದು, ಕಂಪನಿಯ ಚಿಕ್ಕ ಗಾಡಿಯೂ ದೊಡ್ಡ ಗಾಡಿಯೂ ಒಂದೇ ಮನೆಯ ಮಕ್ಕಳೆಂದು ನೋಡಿದೊಡನೆ ತಿಳಿಯಬೇಕು. ಇನ್ನೊಂದು, ಹೊಸ ಗಾಡಿ ಬಂದಿತೆಂದು ಹಳೆಯ ಗಾಡಿ ಹಳಸಿದಂತೆ ಕಾಣಬಾರದು. ಅರ್ಲ್ ಅವರ ಸೂತ್ರವನ್ನು ತಲೆಕೆಳಗು ಮಾಡಿದರೆ ಇದು ಬರುತ್ತದೆ. ಮನೆಗೆ ಹೊಸ ಸೊಸೆ ಬಂದಳೆಂದು ಅತ್ತೆಯ ಮುಖದ ಕಳೆ ಕುಂದಬಾರದು ಎಂದ ಹಾಗೆ. ಇದು ಸಂಸಾರದಲ್ಲಿಯೇ ಕಷ್ಟ, ವ್ಯಾಪಾರದಲ್ಲಿ ಕೇಳಬೇಕೆ?

1979ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅವರ ಎಸ್ ದರ್ಜೆಯ ದೊಡ್ಡ ಸೆಡಾನ್ ಕಾಣಿಸಿಕೊಂಡಿತು. ಅದುವರೆಗೆ ಇಂಥ ಗಾಡಿಗಳ ಹಿಂದೆ ಮುಂದೆ ಹೊಳೆಯುವ ಉಕ್ಕಿನ ಬಂಪರು ಇರಲೇಬೇಕಿತ್ತು. ಶ್ರೀಮಂತಿಕೆಯ ಗುರುತೇ ಅದು. ಸಾಕ್ಕೊ ಅದನ್ನು ತೆಗೆದು, ಪ್ಲಾಸ್ಟಿಕ್ಕಿನ ಬಂಪರನ್ನು ಮೈಯಲ್ಲಿ ಬೆರೆಸಿ, ಅದೇ ಮಟ್ಟದಲ್ಲಿ ಬಾಗಿಲುಗಳ ಕೆಳಭಾಗಕ್ಕೂ ಒಂದು ಪಟ್ಟಿ ಹೊದಿಸಿದರು. ಪ್ಲಾಸ್ಟಿಕ್ಕೆ ಎಂದು ಮೂಗು ಮುರಿದವರು ಬಹಳ. ಆ ಪಟ್ಟಿಗೆ “ಸಾಕ್ಕೊನ ಹಲಗೆ” ಎಂದು ಅಡ್ಡಹೆಸರೇ ಬಿತ್ತು. ಆದರೆ ಆ ಹಲಗೆಗೆ ಕೆಲಸವಿತ್ತು: ಕಲ್ಲು ಸಿಡಿದರೆ, ಪಕ್ಕದ ಗಾಡಿಯ ಬಾಗಿಲು ತಾಕಿದರೆ ಪೆಟ್ಟು ತಿನ್ನುವುದು ಅದು. ಹಿಂದಿನ ದೀಪಗಳ ಗಾಜಿಗೆ ಅಡ್ಡಡ್ಡ ಏಣುಗಳಿವೆಯಲ್ಲ, ಅವೂ ಅಂದಕ್ಕೆಂದು ಬಂದವಲ್ಲ; ಕೆಸರು ಏಣಿನ ಮೇಲೆ ಕುಳಿತರೂ ತಗ್ಗಿನಲ್ಲಿ ಬೆಳಕು ಉಳಿಯಲಿ ಎಂದು ಹಿಂದಿನ ಮಾದರಿಗಳಲ್ಲೇ ಬಂದಿದ್ದವು. ಹನ್ನೆರಡು ವರ್ಷ ಆ ಗಾಡಿ ಹೆಚ್ಚು ಬದಲಾಗದೆ ಮಾರಾಟವಾಯಿತು. ಎಂಟು ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಅಂದಕ್ಕೆಂದೇ ಬಂದದ್ದು ಅಂದ ಹಳತಾದೊಡನೆ ಅನಾಥವಾಗುತ್ತದೆ. ಕೆಲಸಕ್ಕೆಂದು ಬಂದದ್ದಕ್ಕೆ ಕೆಲಸ ಇರುವಷ್ಟು ದಿನ ಮನೆಯಲ್ಲಿ ಜಾಗ ಇರುತ್ತದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಮೋಟಾರು ಅವನಿಗೆ ಗೊತ್ತಿರಲಿಲ್ಲ. ಸಾಕ್ಕೊ ಅವನನ್ನು ಓದಿರಲಾರರು. ಆದರೂ ಇಬ್ಬರಿಗೂ ಪರಿಚಯ ಇದ್ದಂತೆ ನನಗೆ ತೋರುತ್ತದೆ.

ಇದೇ ಕುಲದ ಚಿಕ್ಕ ಗಾಡಿಯೊಂದನ್ನು ನೀವೂ ನೋಡಿರಬಹುದು. 1984ರ ಕೊನೆಗೆ ಜರ್ಮನಿಯಲ್ಲಿ ಹೊರಬಂದ ಆ ಮಾದರಿಯನ್ನು 1995ರಲ್ಲಿ ಪುಣೆಯಲ್ಲಿ ತಯಾರಿಸತೊಡಗಿದರು. ನಮ್ಮ ದೇಶದಲ್ಲಿ ತಯಾರಾದ ಮೊದಲ ಬೆಂಜ್ ಕಾರು ಅದು. ನಮ್ಮ ಊರಿನ ಗುತ್ತಿಗೆದಾರರೊಬ್ಬರಲ್ಲಿ ಅಂಥದೊಂದಿದೆ. ಮುಂಗಾಜಿಗೆ ಒಂದೇ ವೈಪರು; ಅದು ಮೂಲೆ ಬಂದಾಗ ಕೈ ಚಾಚಿ, ನಡುವೆ ಬಂದಾಗ ಕೈ ಮಡಿಸಿ, ಗಾಜಿನ ನೂರಕ್ಕೆ ಎಂಬತ್ತಾರು ಪಾಲನ್ನು ಒರೆಸುತ್ತದೆ. ಮಳೆ ಬಂದಾಗ ಅದನ್ನು ನೋಡಲೆಂದೇ ನಾನು ಅಂಗಡಿಯ ಮಾಡಿನ ಕೆಳಗೆ ನಿಂತದ್ದುಂಟು. ಅವರಲ್ಲಿ ಹೊಸ ಗಾಡಿಗಳೂ ಇವೆ. ಆದರೆ ಮದುವೆ ದಿಬ್ಬಣಕ್ಕೆ ಊರವರು ಕೇಳಿ ಪಡೆಯುವುದು ಹಳೆಯದನ್ನು.

ಹಾಗೆಂದು ಸಾಕ್ಕೊ ಅವರ ಕೈಯೂ ತಪ್ಪದೆ ಇರಲಿಲ್ಲ. 1991ರಲ್ಲಿ ಬಂದ ಮುಂದಿನ ಎಸ್ ದರ್ಜೆಯ ಗಾಡಿ ಎಷ್ಟು ದೊಡ್ಡದಾಯಿತೆಂದರೆ, ಹಿಂದಕ್ಕೆ ತೆಗೆಯುವಾಗ ಗಾಡಿಯ ಕೊನೆ ಎಲ್ಲಿದೆ ಎಂದು ಚಾಲಕನಿಗೆ ತಿಳಿಯಲು ಹಿಂದಿನ ಎರಡು ಮೂಲೆಗಳಿಂದ ಪುಟ್ಟ ಕಡ್ಡಿಗಳು ಮೇಲೆದ್ದು ನಿಲ್ಲಬೇಕಿತ್ತು. ಅದರ ಎತ್ತರ ಮಿತಿ ಮೀರಿತೆಂದು ಮುಂದೆ ಅವರೇ ಒಪ್ಪಿಕೊಂಡರು. ಒಪ್ಪಿಕೊಳ್ಳುವ ಗುಣ ಮೇಷ್ಟರುಗಳಿಗೆ ಬರುವುದು ತಡ.

ಹಳೆಯ ಚೆಲುವನ್ನೇ ಹಿಡಿದುಕೊಂಡರೆ ಸಾಕಲ್ಲವೆ, ಮುಪ್ಪಿನ ಭಯವೇಕೆ ಎಂದು ನಿಮಗೆ ತೋರಬಹುದು. ಅದಕ್ಕೆ ಇಂಗ್ಲೆಂಡಿನ ಜಾಗ್ವಾರ್ ಉತ್ತರ ಹೇಳುತ್ತದೆ. ಸರ್ ವಿಲಿಯಂ ಲಯನ್ಸ್ ಅವರು 1968ರಲ್ಲಿ ಹೊರತಂದ ಎಕ್ಸ್‌ಜೆ ಸೆಡಾನು, ನೆಲಕ್ಕೆ ಒತ್ತಿ ಕುಳಿತ ಬೆಕ್ಕಿನಂತೆ, ನಿಂತಾಗಲೂ ಓಡುವ ಹವಣಿನಲ್ಲಿ ಇರುತ್ತಿತ್ತು. ಸೆಡಾನುಗಳಲ್ಲಿ ಅದರಷ್ಟು ಚೆಲುವಾದದ್ದನ್ನು ನಾನು ಚಿತ್ರದಲ್ಲಿಯೂ ಕಂಡಿಲ್ಲ. ಕಂಪನಿಯವರಿಗೂ ಹಾಗೆಯೇ ಅನ್ನಿಸಿತೆಂದು ಕಾಣುತ್ತದೆ. ಅವರು ಅದನ್ನು ಬಿಡಲಾರದೆ ಹೋದರು. 2003ರ ಎಕ್ಸ್‌ಜೆ ಗಾಡಿಯ ಮೈ ಪೂರ್ತಿ ಅಲ್ಯುಮಿನಿಯಂ, ವಿಮಾನಗಳ ಹಾಗೆ ರಿವೆಟ್ಟು ಹೊಡೆದು ಅಂಟು ಹಾಕಿ ಕೂಡಿಸಿದ್ದು. ಒಳಗೆ ಅಷ್ಟು ಹೊಸದು. ಮೇಲೆ ಅದೇ ಮೂವತ್ತೈದು ವರ್ಷದ ಹಿಂದಿನ ಮುಖ. ಜನ ಅದನ್ನು ಹೊಸ ಗಾಡಿಯೆಂದು ಕಾಣಲೇ ಇಲ್ಲ. 1968ರ ಗಾಡಿ ಇಂದಿಗೂ ತರುಣ; ಅದರ ಪ್ರತಿ ಹುಟ್ಟುವಾಗಲೇ ಮುದುಕ. ಹಳಗನ್ನಡದ ಚಂಪೂ ಇಂದಿಗೂ ಹೊಸದಾಗಿಯೇ ಇದೆ, ನಾನು ಕಾಲೇಜಿನಲ್ಲಿ ಬರೆದ ಚಂಪೂ ಬರೆದ ದಿನವೇ ಹಳತಾಗಿತ್ತು. ಈ ನ್ಯಾಯ ನನಗೆ ಸ್ವಾನುಭವದಿಂದ ಗೊತ್ತು. 2009ರಲ್ಲಿ ಜಾಗ್ವಾರಿನವರು ಆ ಮುಖವನ್ನು ಬಿಟ್ಟು ಬೇರೆಯದನ್ನೇ ಕೊಟ್ಟರು. ಅಷ್ಟರಲ್ಲಿ ಕಂಪನಿ ನಮ್ಮ ಟಾಟಾ ಅವರ ಕೈಗೆ ಬಂದು ಒಂದು ವರ್ಷವಾಗಿತ್ತು.

ರೂಪ ಸರಿಯಿದ್ದರೂ ಮುಪ್ಪು ಒಳನುಗ್ಗುವ ಕಿಂಡಿಗಳು ಕೆಲವಿವೆ. ಹಳೆಯ ಗಾಡಿಗಳ ಮುಂದೀಪಕ್ಕೆ ನಿಜವಾದ ಗಾಜು ಇರುತ್ತಿತ್ತು, ಈಚಿನವಕ್ಕೆ ಪ್ಲಾಸ್ಟಿಕ್ಕು. ಬಿಸಿಲಿಗೆ ಅದು ಹಳದಿಗಟ್ಟಿ ಮಬ್ಬಾಗುತ್ತದೆ. ಎಂಥ ಚೆಲುವಾದ ಗಾಡಿಗೂ ಕಣ್ಣಿಗೆ ಪೊರೆ ಬಂದಂತೆ ಕಾಣುತ್ತದೆ. ಅದಕ್ಕಿಂತ ಬೇಗ ಹಳತಾಗುವುದು ಒಳಗಿನ ತೆರೆ. ಮುಳ್ಳು ಇರುವ ಗಡಿಯಾರದಂಥ ವೇಗಸೂಚಿ ನಲವತ್ತು ವರ್ಷವಾದರೂ ನಗೆಗೀಡಾಗುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಎಲೆಕ್ಟ್ರಾನಿಕ್ ತೆರೆ ಹಳೆಯ ಮೊಬೈಲಿನ ಹಾಗೆ ಪೆಚ್ಚಾಗಿ ಕಾಣುತ್ತದೆ. ಈಗ ಹೊಸ ಗಾಡಿಗಳಲ್ಲಿ ಈ ಕಡೆಯಿಂದ ಆ ಕಡೆಯವರೆಗೆ ತೆರೆಯೇ ತುಂಬಿರುವುದನ್ನು ಕಂಡಾಗ, ಅವನ್ನು ಕೊಳ್ಳುವವರ ಬಗ್ಗೆ ನನಗೆ ಸ್ವಲ್ಪ ಮರುಕ. ಕೊಳ್ಳಲಾರದವನ ಮರುಕ ಎಂದು ನೀವು ತಿಳಿದರೂ ಅಡ್ಡಿಯಿಲ್ಲ.

ಈಗ ನಿಘಂಟಿನ ಚಿತ್ರಕ್ಕೆ ಬರುತ್ತೇನೆ. ಆ ಬಿಎಂಡಬ್ಲ್ಯು ಗಾಡಿಯ ರೂಪವನ್ನು ಕ್ರಿಸ್ ಬ್ಯಾಂಗಲ್ ಎಂಬವರ ಮುಂದಾಳುತನದಲ್ಲಿ ಏಡ್ರಿಯನ್ ಫಾನ್ ಹೊಯ್ಡೊಂಕ್ ಎಂಬವರು ರಚಿಸಿದ್ದರು. ಅದನ್ನು ಜರೆದವನು ನಾನೊಬ್ಬನೇ ಅಲ್ಲ. ಬ್ಯಾಂಗಲ್ ಅವರನ್ನು ಕೆಲಸದಿಂದ ತೆಗೆಯಿರಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಇಷ್ಟಾದರೂ ಏಳನೆಯ ಶ್ರೇಣಿಯಲ್ಲಿ ಅದುವರೆಗೆ ಬಂದವುಗಳಲ್ಲೆಲ್ಲ ಹೆಚ್ಚು ಮಾರಾಟವಾದದ್ದು ಅದೇ. ಮುಂದೆ ಬೇರೆ ಕಂಪನಿಗಳ ಗಾಡಿಗಳಲ್ಲೂ ಹಿಂಬದಿಯ ಮುಚ್ಚಳ ಹಾಗೆಯೇ ಎದ್ದು ಕೂರತೊಡಗಿತು. ನನ್ನ ಕಣ್ಣು ನನಗೆ ಹೇಳದೆ ಕೇಳದೆ ಅದಕ್ಕೆ ಒಗ್ಗಿಹೋಯಿತು. ಎರಡು ವರ್ಷದ ಹಿಂದೆ ನಿಘಂಟಿನಲ್ಲಿ ಯಾವುದೋ ಶಬ್ದ ಹುಡುಕುವಾಗ ಆ ಚಿತ್ರ ಜಾರಿ ಬಿತ್ತು. ನೋಡಿದೆ. ಕುರೂಪವೇನೂ ಕಾಣಲಿಲ್ಲ. ಒಂದು ಬಗೆಯ ಗತ್ತು ಕಂಡಿತು. ಈಗಿನ ಗಾಡಿಗಳ ಬಾಯಿ ತೆರೆದ ಜಾಲರಿಗಳ ಮುಂದೆ ಸಂಕೋಚದ ಪ್ರಾಣಿಯಂತೆಯೂ ಕಂಡಿತು. ಹಾಗಾದರೆ ಅಂದು ನಾನು ಕಂಡ ಅನೌಚಿತ್ಯ ಗಾಡಿಯಲ್ಲಿತ್ತೆ, ನನಗೆ ಅಭ್ಯಾಸವಿಲ್ಲದ್ದರಲ್ಲಿತ್ತೆ? ಆ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಾಗಿ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಹೋದ ಬೇಸಿಗೆಯಲ್ಲಿ ಅವನೇ ಸಿಕ್ಕ. ಹೆದ್ದಾರಿಯ ಮಗ್ಗುಲಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ. ಮನೆಗೆ ಕರೆದು, ಕಾಫಿ ಕೊಟ್ಟು, ಚಿತ್ರವನ್ನು ಅವನ ಮುಂದಿಟ್ಟು, “ನೀನು ಹೇಳಿದ್ದೇ ಸರಿ ಕಣಯ್ಯ, ಇಪ್ಪತ್ತು ವರ್ಷ ಬಿಟ್ಟು ನೋಡಿದೆ” ಎಂದೆ. ಅವನಿಗೆ ಬೆಂಚಿನ ಮೇಲೆ ನಿಂತದ್ದು ಮರೆತೇಹೋಗಿತ್ತು. ಗಾಡಿ ಮಾತ್ರ ನೆನಪಿತ್ತು. ಚಿತ್ರವನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ.

“ಮುಚ್ಚಳ ಚೆನ್ನಾಗಿಲ್ಲ ಸಾರ್,” ಎಂದ. “ನೀವೇ ಹೇಳಿಕೊಟ್ಟಿದ್ದಿರಲ್ಲ.”